ಊರಮ್ಮನ ಹೆಸರಿಗೊಂದು ನೋಟೀಸು

ಜನವರಿ 20, 2025, ಸೋಮವಾರ

ಕರಡಿದಿನ್ನೆ ಪಂಚಾಯ್ತಿಗೆ ಪಿಡಿಒ ಆಗಿ ಬಂದು ಇವತ್ತಿಗೆ ಎಂಟು ದಿನ. ಇದು ನನ್ನ ಏಳನೆಯ ಪಂಚಾಯ್ತಿ. ಕೂಡ್ಲಿಗಿ ತಾಲೂಕನ್ನೆಲ್ಲ ಜಾಲಾಡಿ ಇಷ್ಟು ಬರಿಗೈ ಪಂಚಾಯ್ತಿಯನ್ನೇ ಹುಡುಕಿ ನನ್ನ ಕೊರಳಿಗೆ ಕಟ್ಟಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಕೊಟ್ಟೂರಿನ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಅರ್ಧ ದಾರಿ ನಿಂತೇ ಬರಬೇಕು. ತಲೆನೋವಿನ ಮಾತ್ರೆ ಮುಗಿದಿದೆ.

ಬೆಳಿಗ್ಗೆ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಐವತ್ತರ ಆಚೀಚೆ. ಕೈಯಲ್ಲಿ ಮೊಳದುದ್ದದ ಕಬ್ಬಿಣದ ವಾಲ್ವ್ ಕೀಲಿ. ಏನಮ್ಮಾ ಅಂದೆ.

"ನಾನು ಇಲ್ಲಿ ವಾಟರ್‌ಮನ್ ರೀ, ಜಂಬಕ್ಕ" ಅಂದಳು.

ನಗು ತಡೆದುಕೊಂಡೆ. ಅವಳು ನಗಲಿಲ್ಲ.

"ಈ ತಿಂಗಳು ಹಿಡಿದು ಹದಿಮೂರು ತಿಂಗಳಾತ್ರಿ ಮೇಡಮ್ಮಾರ, ಪಗಾರ ಬಂದಿಲ್ಲ. ಹೊಸಬರು ಬಂದೀರಿ, ಕಿವಿಮ್ಯಾಲೆ ಹಾಕಿ ಹೋಗೋಣಂತ ಬಂದೆ." ಹೇಳಿದ್ದಷ್ಟೇ, ಮುಂದಿನ ಓಣಿಗೆ ನೀರು ಬಿಡುವ ಹೊತ್ತಾಯಿತೆಂದು ಹೊರಟೇ ಹೋದಳು.

ಬಿಲ್ ಕಲೆಕ್ಟರ್ ಮಂಜಣ್ಣನನ್ನು ಕೂರಿಸಿಕೊಂಡು ವಿಚಾರಿಸಿದೆ. ನೀರು ಬಿಡುವ ಕೆಲಸ ಮೊದಲು ಇವಳ ಗಂಡ ಅಂಜಿನೇಯಲುವಿನದು. ಅವನು ತೀರಿಕೊಂಡ ಮೇಲೆ ಪಂಚಾಯ್ತಿ ಇವಳನ್ನೇ ಇಟ್ಟುಕೊಂಡಿತು. ಆದರೆ ಇವಳ ಹೆಸರಿಗೆ ಜಿಲ್ಲಾ ಪಂಚಾಯ್ತಿಯ ಅನುಮೋದನೆ ಇಲ್ಲ. ಪಂಚಾಯ್ತಿಯ ಉಳಿದ ನಾಲ್ವರು ನೌಕರರಿಗೆ ಸರ್ಕಾರದಿಂದ ಸಂಬಳ ಬರುತ್ತದೆ. ಇವಳ ತಿಂಗಳ ಒಂಬತ್ತು ಸಾವಿರವನ್ನು ಪಂಚಾಯ್ತಿಯೇ ತನ್ನ ಸ್ವಂತ ತೆರಿಗೆಯಲ್ಲಿ ಕೊಡಬೇಕು.

ಖಾತೆಗಳನ್ನು ತೆಗೆದು ನೋಡಿದೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಒಂಬತ್ತು ಲಕ್ಷ ಚಿಲ್ಲರೆ ಬಿದ್ದಿದೆ. ಅದು ಪೈಪಿಗೆ, ಚರಂಡಿಗೆ, ಕಸದ ಗಾಡಿಗೆ. ಸಂಬಳಕ್ಕೆ ಅದರಲ್ಲಿ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ. ಊರವರು ಕಟ್ಟುವ ಮನೆ ಕಂದಾಯ, ವರ್ಷಕ್ಕೊಂದು ಹರಾಜು, ಇಷ್ಟೇ ಸ್ವಂತದ್ದು. ಆ ಖಾತೆಯಲ್ಲಿರುವುದು 11,460 ರೂಪಾಯಿ.

ಈ ಊರಿನ ಜನ ನೀರು ಕುಡಿಯುತ್ತಾರೆ, ಕಂದಾಯ ಕಟ್ಟುವುದಿಲ್ಲ. ನನಗೇನಂತೆ.

ಜನವರಿ 23, ಗುರುವಾರ

ತಾಲೂಕು ಪಂಚಾಯ್ತಿ ಕಚೇರಿಯಿಂದ ಜ್ಞಾಪನ ಬಂತು. ಅನುಮೋದನೆ ಇಲ್ಲದ ನೌಕರರ ಹೆಸರನ್ನು ಕಡೆಯ ಸಲ ಮೇಲೆ ಕಳಿಸುತ್ತಾರಂತೆ. ಆದರೆ ಮಾರ್ಚ್ 31ರೊಳಗೆ ಅವರ ಬಾಕಿ ಸಂಬಳವನ್ನೆಲ್ಲ ಸ್ವಂತ ತೆರಿಗೆಯಲ್ಲಿ ಚುಕ್ತಾ ಮಾಡಿ ದಾಖಲೆ ತೋರಿಸಬೇಕು. ತೋರಿಸದಿದ್ದರೆ ಏಪ್ರಿಲ್ ಒಂದರಿಂದ ಅವರನ್ನು ಕೆಲಸದಿಂದ ತೆಗೆಯಬೇಕು.

ಲೆಕ್ಕ ಹಾಕಿದೆ. ಮಾರ್ಚ್ ಕೊನೆಗೆ ಹದಿನೈದು ತಿಂಗಳು. 1,35,000 ರೂಪಾಯಿ.

ಆ ಹೆಂಗಸನ್ನು ಕರೆಸಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಮಾರ್ಚಿಗೆ ಇನ್ನಾ ಟೈಮ್ ಐತಲ್ರಿ" ಅಂದು ಹೋದಳು. ಎರಡು ತಿಂಗಳು ಅವಳಿಗೆ ಟೈಮ್ ಹಾಗೆ ಕಂಡಿತಲ್ಲ, ಅದೇ ನನಗೆ ಸೋಜಿಗ.

ಜನವರಿ 30, ಗುರುವಾರ

ಮಂಜಣ್ಣನ ಜೊತೆ ವಸೂಲಿಗೆ ಹೊರಟೆ. ಹೊರಡುವ ಮೊದಲೇ ಅವನು ವಾರಗಳ ಪಟ್ಟಿ ಒಪ್ಪಿಸಿದ. ಸೋಮವಾರ ಬಸವಣ್ಣನ ವಾರ. ಮಂಗಳವಾರ, ಶುಕ್ರವಾರ ಮನೆಯಿಂದ ಲಕ್ಷ್ಮಿ ಹೊರಗೆ ಹೋಗಬಾರದು. ಶನಿವಾರ ಹನುಮಪ್ಪನದು. ಭಾನುವಾರ ನಮಗೆ ರಜೆ. ಉಳಿದದ್ದು ಬುಧವಾರ, ಗುರುವಾರ. ಅದೂ ದೀಪ ಹಚ್ಚುವುದರೊಳಗೆ. ವಾರಕ್ಕೆ ಒಂದೂವರೆ ದಿನ ತೆರೆದಿರುವ ಊರು ಇದು.

ಕಂದಾಯದ ಪುಸ್ತಕದಲ್ಲಿ ಮುನ್ನೂರ ಹನ್ನೆರಡು ಮನೆ. ಅರ್ಧಕ್ಕರ್ಧ ಸತ್ತವರ ಹೆಸರಿನಲ್ಲಿವೆ. ಒಂದು ಮನೆಯಲ್ಲಿ, "ಅಪ್ಪನ ಹೆಸರಿಲೆ ಐತಲ್ಲ, ಅಪ್ಪನ್ನೇ ಕೇಳ್ರಿ" ಅಂದ ಮಗರಾಯ. ಅಪ್ಪ ಹೋಗಿ ಹನ್ನೊಂದು ವರ್ಷ.

ಇನ್ನೊಂದು ಮನೆಯಲ್ಲಿ ಮುದುಕಿಯೊಬ್ಬಳು ನಮ್ಮ ರಸೀದಿ ಪುಸ್ತಕ ಕಂಡದ್ದೇ ತಡ, "ಅಮ್ಮನ ಪಟ್ಟಿ ಏನ್ರಿ? ತಡೀರಿ, ತಂದೆ" ಎಂದು ಒಳಗೆ ಓಡಿ ಐನೂರರ ಎರಡು ನೋಟು ತಂದಳು. ನನಗೆ ಆಶ್ಚರ್ಯ. ಮಂಜಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

"ಪಟ್ಟಿ ಅಲ್ಲಬೇ, ಪಂಚಾಯ್ತಿ ಕಂದಾಯ" ಅಂದ.

"ಅಯ್ಯ, ಹಂಗಂದ್ರ ಸುಗ್ಗಿ ಆಗ್ಲಿ ಬರ್ರಿ." ನೋಟು ಕುಪ್ಪಸದೊಳಗೆ ಹೋಯಿತು.

ಊರಮ್ಮ ಈ ಊರಿನ ದೇವತೆ. ಅವಳ ಹೆಸರಲ್ಲಿ ಊರ ಹಿರಿಯರು, ಅಂದರೆ ದೈವದವರು, ವರ್ಷಕ್ಕೊಮ್ಮೆ ಮನೆಗಿಷ್ಟು ಎಂದು ಎತ್ತುವ ಹಣಕ್ಕೆ ಪಟ್ಟಿ ಅನ್ನುತ್ತಾರೆ. ಪಟ್ಟಿ ಬಾಕಿ ಉಳಿಸಿಕೊಂಡ ಮನೆ ಊರಲ್ಲಿ ಒಂದೂ ಇಲ್ಲವಂತೆ. ಸತ್ತವರ ಪಾಲನ್ನೂ ಮಕ್ಕಳು ಕೊಡುತ್ತಾರಂತೆ. ಕೇಳಿ ಮೈಯೆಲ್ಲ ಉರಿಯಿತು.

ಫೆಬ್ರುವರಿ 6, ಗುರುವಾರ

ಇಲ್ಲಿಯ ತನಕ ವಸೂಲಾದದ್ದು 8,240. ಕಾಲು ಬಾತಿದೆ.

ಮಂಜಣ್ಣ ಕಿವಿಯ ಹತ್ತಿರ ಬಂದು ಹೇಳಿದ: "ಅನುದಾನದಾಗ ಒಂಬತ್ತು ಲಕ್ಷ ಕೊಳ್ಯಾಕ ಹತ್ತೈತ್ರಿ. ಪೈಪ್ ರಿಪೇರಿ ಅಂತ ಎರಡು ಬಿಲ್ ಬರದ್ರಾತು. ರೊಕ್ಕ ಜಂಬಕ್ಕಗ ಕೊಟ್ರ ಪಾಪ ಏನೂ ಬರಾಂಗಿಲ್ಲ."

ಆಗದ ರಿಪೇರಿಯನ್ನು ಆಗಿದೆ ಎಂದು ಬರೆಯುವ ಕೈ ನನ್ನದಲ್ಲ ಎಂದು ಜೋರಾಗಿಯೇ ಗದರಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ. ಅವನು ಕೆಟ್ಟವನಲ್ಲ. ಇಪ್ಪತ್ತೆರಡು ವರ್ಷ ಇದೇ ಓಣಿಗಳಲ್ಲಿ ಬೈಸಿಕೊಂಡು ಅಡ್ಡಾಡಿದ್ದಾನೆ.

ಫೆಬ್ರುವರಿ 13, ಗುರುವಾರ

ಇವತ್ತು ಪಂಚಾಯ್ತಿಯ ನಲವತ್ತಾರು ಹುಣಸೆ ಮರಗಳ ಹರಾಜು. ಗುಡೇಕೋಟೆ ರಸ್ತೆಯ ಎರಡೂ ಬದಿಗೆ ಮರಗಳು ಕಾಯಿ ಹೊತ್ತು ಬಾಗಿವೆ. ಇವು ಕೈ ಹಿಡಿಯುತ್ತವೆ ಅಂದುಕೊಂಡಿದ್ದೆ. ಸುತ್ತಲ ಆರು ಹಳ್ಳಿಗೆ ಡಂಗುರ ಹೊಡೆಸಿದ್ದೆ.

ಬಂದವರು ಹನ್ನೊಂದು ಜನ. ಒಬ್ಬನೇ ಬಾಯಿ ಬಿಟ್ಟ. ಹೋದ ವರ್ಷ ಒಂಬತ್ತು ಸಾವಿರಕ್ಕೆ ಹೋಗಿತ್ತು, ಇವನು ಒಂಬತ್ತು ಸಾವಿರದ ಇನ್ನೂರು ಅಂದ. ಉಳಿದವರು ಚಹಾ ಕುಡಿದರು. ಹಗರಿಬೊಮ್ಮನಹಳ್ಳಿ ಕಡೆಯಿಂದ ಒಬ್ಬ ವ್ಯಾಪಾರಿ ಬಂದಿದ್ದ, ಅವನೂ ಚಹಾ ಕುಡಿದು ಬಸ್ಸು ಹತ್ತಿದ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ಮುಗಿಸಿದೆ. ಬೇರೆ ದಾರಿಯೇ ಇರಲಿಲ್ಲ.

ಆಮೇಲೆ ಅಧ್ಯಕ್ಷೆ ಹೊನ್ನೂರಮ್ಮ ತಲೆ ತಗ್ಗಿಸಿಕೊಂಡು ನಿಜ ಹೇಳಿದಳು. ನಿಜವಾದ ಹರಾಜು ನಿನ್ನೆ ಸಂಜೆ, ಭರತ ಹುಣ್ಣಿಮೆಯ ದಿನ, ಊರಮ್ಮನ ಕಟ್ಟೆಯ ಮೇಲೆ ಆಗಿಹೋಗಿದೆ. ಅಲ್ಲಿ ಎರಡು ಲಕ್ಷದ ಹದಿನೈದು ಸಾವಿರಕ್ಕೆ ನಿಂತಿದೆ. ಆ ಹಣ ಅಮ್ಮನ ಖಾತೆಗೆ. ಅಲ್ಲಿ ಗೆದ್ದವನೇ ಮಾರನೆಯ ದಿನ ಪಂಚಾಯ್ತಿಗೆ ಬಂದು ಇನ್ನೂರು ಏರಿಸಿ ಕೂಗುತ್ತಾನೆ. ಅವನ ಮೇಲೆ ಯಾರೂ ಕೂಗುವುದಿಲ್ಲ.

"ನಮ್ಮ ಅತ್ತಿ ಕಾಲದಿಂದ್ಲೂ ಹಿಂಗೇ ಐತ್ರಿ" ಅಂದಳು.

ಮರ ನಮ್ಮದು, ಕಾಯಿ ಊರಮ್ಮನದು. ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಫೆಬ್ರುವರಿ 17, ಸೋಮವಾರ

ಸಿಟ್ಟಿನಲ್ಲಿ ಕಂದಾಯದ ಹಳೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಒಂದೊಂದೇ ಸಾಲು ಓದಿದೆ. ಧೂಳಿಗೆ ಕೆಮ್ಮು ಬಂತು. 2016ರ ಪುಸ್ತಕದಲ್ಲಿ ಸಿಕ್ಕಿತು. ಬಸ್ ನಿಲ್ದಾಣದ ಎದುರಿನ ಒಂಬತ್ತು ಮಳಿಗೆ. ಮಾಲೀಕರ ಹೆಸರು: ಶ್ರೀ ಊರಮ್ಮದೇವಿ. ತೆರಿಗೆಯ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಾರೆ. ಒಂಬತ್ತು ವರ್ಷವೂ ಅದೇ ಗೆರೆ.

ಪೂಜೆ ನಡೆಯುವ ಗುಡಿಗೆ ತೆರಿಗೆ ಇಲ್ಲ, ಸರಿ. ಬಾಡಿಗೆ ತರುವ ಮಳಿಗೆಗೆ ಉಂಟು. ಅದರಲ್ಲಿ ಮೊಬೈಲ್ ಅಂಗಡಿ ಇದೆ, ಗೊಬ್ಬರದ ಅಂಗಡಿ ಇದೆ, ಕಟಿಂಗ್ ಶಾಪಿದೆ. ಮಳಿಗೆಗೆ ವರ್ಷಕ್ಕೆ ಎರಡು ಸಾವಿರದಂತೆ ಒಂಬತ್ತು ಮಳಿಗೆಗೆ ಒಂಬತ್ತು ವರ್ಷದ್ದು 1,62,000.

ಈ ಪಂಚಾಯ್ತಿಯ ಅತಿ ದೊಡ್ಡ ಬಾಕಿದಾರಳು ಊರಮ್ಮ.

ಇಷ್ಟು ದಿನದಲ್ಲಿ ಮೊದಲ ಸಲ ಕಚೇರಿಯಲ್ಲಿ ಒಬ್ಬಳೇ ಕೂತು ನಕ್ಕೆ.

ಫೆಬ್ರುವರಿ 20, ಗುರುವಾರ

ನೋಟೀಸು ತಯಾರಿಸಿದೆ. "ಶ್ರೀ ಊರಮ್ಮದೇವಿ, ಕರಡಿದಿನ್ನೆ, ಇವರಿಗೆ" ಎಂದೇ ಬರೆದೆ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೇ ಕೊಡಬೇಕು, ಅದು ನಿಯಮ. ಹೊನ್ನೂರಮ್ಮ ಓದಿಸಿಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡಳು. ಮಂಜಣ್ಣ, "ನನಗ ಎರಡು ಹೆಣ್ಮಕ್ಳು ಅದಾವ್ರಿ, ನಾ ಒಲ್ಲೆ" ಎಂದು ಕೈ ಮುಗಿದ.

ನಾನೇ ಹೋದೆ. ಪೂಜಾರಿ ಉಜ್ಜಿನಪ್ಪ ಗುಡಿಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ವಿಷಯ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಾಲ್ಕು ಮೂಲೆಗೆ ಕುಂಕುಮ ಹಚ್ಚಿ, ಅಮ್ಮನ ಪಾದದ ಮೇಲೆ ಇಟ್ಟ.

"ಸಹಿ ಬೇಕಲ್ಲಪ್ಪಾ" ಅಂದೆ.

"ಅಮ್ಮಗ ತಲುಪೈತ್ರಿ, ಇನ್ನ ಯಾರ ಸಹಿ?" ಅಂದ.

ಪುಸ್ತಕದಲ್ಲಿ "ಖುದ್ದಾಗಿ ತಲುಪಿಸಲಾಗಿದೆ" ಎಂದು ಬರೆದುಕೊಂಡೆ. ಅದು ಸುಳ್ಳಲ್ಲ.

ಫೆಬ್ರುವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸದ ನಿತ್ರಾಣ ಇನ್ನೂ ಹೋಗಿರಲಿಲ್ಲ, ಬೆಳಿಗ್ಗೆಯೇ ಗುರುಸಂಗಪ್ಪ ಸಾವ್ಕಾರ್ರು ಕಚೇರಿಗೆ ಬಂದರು. ದೈವದವರಲ್ಲಿ ಹಿರಿಯರು, ಎಪ್ಪತ್ತು ದಾಟಿದವರು. ಶೇಂಗಾ ವ್ಯಾಪಾರ ಮಾಡಿ ಈಗ ಮಗನಿಗೆ ಬಿಟ್ಟಿದ್ದಾರೆ. ಹಣೆಯಲ್ಲಿ ನಿನ್ನೆಯ ವಿಭೂತಿ. ಕುಂಕುಮ ಹಚ್ಚಿದ ನನ್ನ ನೋಟೀಸನ್ನು ಮೇಜಿನ ಮೇಲೆ ಇಟ್ಟರು. ನಾನು ಎದ್ದು ನಿಂತೆ. ಅವರು ಕೂತುಕೊಳ್ಳಲು ಹೇಳಿದ ಮೇಲೆ ಕೂತೆ. ನನ್ನದೇ ಕಚೇರಿ!

"ತಾಯಿ, ದೇವರಿಗೇ ನೋಟೀಸು ಕೊಟ್ಟಾಕಿ ನೀನೇ ಮೊದಲಾಕಿ" ಅಂದರು.

"ಬಾಡಿಗಿ ತಗೊಂಡಾಕಿ ತೆರಿಗಿ ಕಟ್ಟಬೇಕಲ್ರಿ ಸಾವ್ಕಾರ್ರ" ಅಂದೆ. ಹರಪನಹಳ್ಳಿಯ ನಾಲಿಗೆ, ಸುಮ್ಮನಿರುವುದಿಲ್ಲ.

ಅವರು ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು. ಊರ ಹಳೆಯ ಬಾವಿ ತೋಡಿಸಿದ್ದು ಅಮ್ಮನ ಹಣ. ಶಾಲೆಯ ಎರಡು ಕೋಣೆ ಅಮ್ಮನ ಹಣ. ಮಳೆ ಇಲ್ಲದ ಮೂರು ವರ್ಷ ಟ್ಯಾಂಕರ್ ತರಿಸಿದ್ದು ಅಮ್ಮನ ಹಣ. "ನಿಮ್ಮ ಪಂಚಾಯ್ತಿ ಬೋರ್ಡು ಹಾಕೋಕಿಂತ ಮೊದ್ಲು ಈ ಊರು ಉಸಿರಾಡ್ತಿದ್ದಿಲ್ಲೇನು? ಪಟ್ಟಿ ಎತ್ತಿದ ಮ್ಯಾಲೆ ಎಣ್ಣಿಗಿಷ್ಟು, ಬೆಲ್ಲಕ್ಕಿಷ್ಟು, ಡೊಳ್ಳಿನವರಿಗಿಷ್ಟು ಅಂತ ಕಟ್ಟಿ ಮ್ಯಾಲೆ ನಿಂತು ಪೈಸಾ ಪೈಸಾ ಲೆಕ್ಕ ಓದ್ತೀವಿ. ನಿಮ್ಮ ಲೆಕ್ಕ ಯಾರರ ಒಬ್ಬರು ಓದ್ಯಾರೇನು?"

ಗ್ರಾಮಸಭೆಯಲ್ಲಿ ಮಂಡಿಸುತ್ತೇವೆ ಅಂದೆ.

"ಮಂಡಸ್ತೀರಿ. ಓದಾಂಗಿಲ್ಲ."

ಅವರು ಹೋದ ಮೇಲೆ ಹೋದ ಸಲದ ಗ್ರಾಮಸಭೆಯ ನಡಾವಳಿ ತೆಗೆದು ನೋಡಿದೆ. "ಜಮಾ ಖರ್ಚು ಮಂಡಿಸಿ ಅನುಮೋದಿಸಲಾಯಿತು" ಎಂದು ಒಂದೇ ಸಾಲು. ನಾನು ಕೆಲಸ ಮಾಡಿದ ಆರು ಪಂಚಾಯ್ತಿಯಲ್ಲೂ ಅದೇ ಸಾಲನ್ನೇ ಬರೆದು ಬಂದಿದ್ದೇನೆ.

ಮಾರ್ಚ್ 6, ಗುರುವಾರ

ಸಂಜೆ ಐದಕ್ಕೆ ಅಮ್ಮನ ಕಟ್ಟೆಯ ಮೇಲೆ ಪಂಚಾಯ್ತಿಯ ಲೆಕ್ಕ ಓದುತ್ತೇನೆ ಎಂದು ಮಂಜಣ್ಣನಿಂದ ಹೇಳಿಸಿದ್ದೆ. ಇಪ್ಪತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ನೂರರ ಮೇಲೆ ಬಂದರು. ದೇವರಿಗೆ ನೋಟೀಸು ಕೊಟ್ಟ ಹೆಂಗಸು ಹೇಗಿದ್ದಾಳೆ ನೋಡೋಣ ಎಂದು ಬಂದವರೇ ಜಾಸ್ತಿ.

ಚಪ್ಪಲಿ ಬಿಟ್ಟು ಹತ್ತಿ ನಿಂತು ಓದಿದೆ. ಸರ್ಕಾರದಿಂದ ಬಂದದ್ದು, ಅದು ಯಾವುದಕ್ಕೆ ಕಟ್ಟುಬಿದ್ದದ್ದು, ಬೀದಿ ದೀಪಕ್ಕೆ ಹೋದದ್ದು, ಸುಟ್ಟ ಮೋಟಾರಿಗೆ ತಂತಿ ಸುತ್ತಿಸಿದ್ದು. ನಡುನಡುವೆ ಕೇಳಿದರು. ಆಗಸ್ಟ್ ಹದಿನೈದರ ಪೇಢೆಗೆ ಮೂರು ಸಾವಿರ ಅಂದಾಗ ಒಬ್ಬ, "ನಮಗ ಅರ್ಧರ್ಧ ಕೊಟ್ರಲ್ಲೋ ಮಂಜಣ್ಣ!" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕುಡಿಯುವ ನೀರು ನಿರ್ವಹಣೆ ಎಂಬಲ್ಲಿಗೆ ಬಂದು, "ಜಂಬಕ್ಕನ ಪಗಾರ, ಹದಿನಾಲ್ಕು ತಿಂಗಳು ಬಾಕಿ, ಕೊಟ್ಟಿಲ್ಲ" ಎಂದು ಓದಿದೆ.

ಗದ್ದಲ ನಿಂತಿತು.

"ಅಕಿಗೆ ಸರಕಾರ ಕೊಡತೈತಲ್ರಿ?" ಅಂದಳು ಮುಂದೆ ಕೂತ ಮುದುಕಿ. ಅವತ್ತು ಐನೂರರ ನೋಟು ಕುಪ್ಪಸಕ್ಕೆ ತಿರುಗಿ ಸೇರಿಸಿದವಳು.

"ಇಲ್ಲ. ನಿಮ್ಮ ಕಂದಾಯದಾಗ ಕೊಡಬೇಕು" ಅಂದೆ.

ಯಾರಿಗೂ ಗೊತ್ತಿರಲಿಲ್ಲ! ಹದಿನಾಲ್ಕು ತಿಂಗಳು ದಿನಾ ಇವರ ಬಾಗಿಲ ಮುಂದೆಯೇ ಅಡ್ಡಾಡಿದ್ದಾಳೆ, ಒಬ್ಬರ ಹತ್ತಿರವೂ ಅಂದಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿ ಅವಳನ್ನು ನೋಡಿದರು. ಜಂಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡುತ್ತ ನಿಂತಳು. ನನ್ನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು.

ಗುರುಸಂಗಪ್ಪನವರು ಕೊನೆಯ ತನಕ ಕೂತು, ಕೋಲು ಊರಿಕೊಂಡು ಹೋದರು.

ಕಡೆಯ ಬಸ್ಸು ತಪ್ಪಿತು. ಮಂಜಣ್ಣ ಬೈಕಿನಲ್ಲಿ ಕೂಡ್ಲಿಗಿಯ ತನಕ ಬಿಟ್ಟ.

ಮಾರ್ಚ್ 12, ಬುಧವಾರ

ಐದು ದಿನದಲ್ಲಿ ಇಪ್ಪತ್ತೆಂಟು ಮನೆಯವರು ತಾವಾಗಿ ಬಂದು ಕಂದಾಯ ಕಟ್ಟಿದ್ದಾರೆ. 19,300. ಶುಕ್ರವಾರವೂ ಒಬ್ಬರು ಬಂದರು! ಹಳೆಯದು, ಹುಣಸೆ ಹರಾಜಿನದು ಎಲ್ಲ ಕೂಡಿಸಿದರೂ 48,200 ಆಗುತ್ತದೆ. ಇನ್ನೂ 86,800 ಬೇಕು. ದಿನ ಹತ್ತೊಂಬತ್ತು.

ಮಧ್ಯಾಹ್ನ ಜಂಬಕ್ಕ ಮಜ್ಜಿಗೆ ತಂದಿದ್ದಳು. ಲೋಟ ಮುಂದಿಟ್ಟು ನೆಲದ ಮೇಲೆ ಕೂರಹೋದಳು. ಕುರ್ಚಿಯಲ್ಲಿ ಕೂರು ಅಂದೆ. ತುದಿಯಲ್ಲಿ ಕೂತಳು.

"ಮಂದಿ ಮುಂದ ನನ್ನ ಬಡತನ ಓದಬಾರದಿತ್ರಿ ಮೇಡಮ್ಮಾರ."

"ಅದು ನಿನ್ನ ಬಡತನ ಅಲ್ಲ ಜಂಬಕ್ಕ, ಪಂಚಾಯ್ತಿ ಬಡತನ."

ಇಷ್ಟು ದಿನ ಹೇಗೆ ನಡೆಸಿದೆ ಅಂತ ಕೇಳಿದೆ. ಬೆಳಿಗ್ಗೆ ನೀರು ಬಿಟ್ಟು ಹಗಲೆಲ್ಲ ಕೂಲಿಗೆ ಹೋಗುತ್ತಾಳಂತೆ, ಈಗ ಹುಣಸೆಹಣ್ಣು ಬಡಿಯಲು. ಅಂದರೆ ನಮ್ಮದೇ ಮರದ ಹಣ್ಣು. ಏಪ್ರಿಲ್ಲಿನಿಂದ ಹಗರಿಬೊಮ್ಮನಹಳ್ಳಿಯ ಕೋಳಿ ಫಾರಮ್ಮಿಗೆ ಬಾ ಎಂದು ಅಕ್ಕನ ಮಗಳು ಕರೆದಿದ್ದಾಳಂತೆ.

"ಹೋಗ್ತೀಯೇನು?"

"ಹೋಗಾಕ ಮನಸಿಲ್ರಿ. ಯಾವ ವಾಲ್ವ್ ಎಷ್ಟು ಸುತ್ತು ತಿರುವಬೇಕು ಅನ್ನದು ನಮ್ಮ ಮನಿಯವರು ತಲೀಗಿ ಹಾಕಿ ಹೋಗ್ಯಾರ. ಅದನ್ನ ಯಾರಿಗಿ ಹೇಳಿ ಹೋಗ್ಲಿ?"

ಅವಳ ಕಣ್ಣಲ್ಲಿ ನೀರು ಬಂತು. ನಾನು ಲೋಟ ಎತ್ತಿಕೊಂಡೆ. ಮಜ್ಜಿಗೆಗೆ ಶುಂಠಿ ಹಾಕಿದ್ದಳು, ಚೆನ್ನಾಗಿತ್ತು.

ಮಾರ್ಚ್ 19, ಬುಧವಾರ

ಗುರುಸಂಗಪ್ಪನವರು ಹೇಳಿ ಕಳಿಸಿದರು. ನಿನ್ನೆ ದೈವದವರು ಕೂತಿದ್ದರಂತೆ. ಅರ್ಧ ಜನ ಕೊಡೋಣ ಅಂದರು, ಅರ್ಧ ಜನ ಅಮ್ಮನ ದುಡ್ಡನ್ನು ಸರ್ಕಾರಕ್ಕೆ ಕೊಟ್ಟರೆ ನಾಳೆ ಗುಡಿಯನ್ನೂ ಕೇಳುತ್ತಾರೆ ಅಂದರು. ಕೊನೆಗೆ ನೋಟೀಸು ಯಾರ ಹೆಸರಿಗೆ ಬಂದಿದೆಯೋ ಅವಳನ್ನೇ ಕೇಳುವುದು ಎಂದಾಯಿತಂತೆ. ಬರುವ ಮಂಗಳವಾರ ಅಮ್ಮನ ಹೂ ಕೇಳುತ್ತಾರೆ.

ಒದ್ದೆ ಮಾಡಿದ ಕಣಗಿಲೆ ಹೂಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಬೀಳುವ ತನಕ ಯಾರೂ ಕೂತ ಜಾಗದಿಂದ ಏಳಬಾರದು. ಎದ್ದರೆ ಕೆಡುಕು.

ನೌಕರರೊಬ್ಬರ ಸಂಬಳ ಒದ್ದೆ ಹೂವಿನ ಮೇಲೆ ನಿಂತಿದೆ ಎಂದು ಮೇಲಿನವರಿಗೆ ಹೇಗೆ ಬರೆಯಲಿ? ಬರೆಯಲಿಲ್ಲ. ಬಲಗಡೆಯ ಹೂವನ್ನು ಸ್ವಲ್ಪ ಸಡಿಲ ಅಂಟಿಸುತ್ತಾನೋ ಉಜ್ಜಿನಪ್ಪ ಎಂದು ಬಸ್ಸಿನಲ್ಲಿ ಯೋಚನೆ ಬಂತು. ಅವನು ಹಾಗೆ ಮಾಡುವವನಲ್ಲ, ಏನು ಮಾಡುವುದು.

ಮಾರ್ಚ್ 25, ಮಂಗಳವಾರ

ಒಂಬತ್ತಕ್ಕೇ ಗುಡಿ ತುಂಬಿತ್ತು. ಗುರುಸಂಗಪ್ಪನವರು ಮುಂದೆ, ದೈವದವರು ಅವರ ಹಿಂದೆ, ಹೆಂಗಸರ ಸಾಲಿನಲ್ಲಿ ನಾನು ಮತ್ತು ಹೊನ್ನೂರಮ್ಮ. ಜಂಬಕ್ಕ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತಿದ್ದಳು. ಉಜ್ಜಿನಪ್ಪ ಹೂ ಅಂಟಿಸಿ ಕೇಳಿದ: "ತಾಯಿ, ನಿನ್ನ ಮಳಿಗಿ ಕಂದಾಯ ಪಂಚಾಯ್ತಿಗೆ ಕಟ್ಟಬೇಕಂದ್ರ ಬಲಕ್ಕ ಕೊಡು, ಬ್ಯಾಡಂದ್ರ ಎಡಕ್ಕ ಕೊಡು."

ಹತ್ತಾಯಿತು. ಹೂ ಅಲ್ಲೇ ಇದ್ದವು. ಹತ್ತೂವರೆ, ಹನ್ನೊಂದು. ಮಕ್ಕಳು ಅತ್ತವು. ನನ್ನ ಕಾಲು ಜೋಮು ಹಿಡಿಯಿತು. ಬೀಳಮ್ಮಾ, ಬಲಕ್ಕೆ ಬೀಳಮ್ಮಾ ಎಂದು ಎಷ್ಟು ಸಲ ಅಂದುಕೊಂಡೆನೋ. ನೋಟೀಸು ಕೊಟ್ಟದ್ದಕ್ಕೆ ತಪ್ಪಾಯಿತೆಂದೂ ಬೇಡಿಕೊಂಡೆ. ಹೂ ಅಲುಗಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಹಿಟ್ಟಿನ ಗಿರಣಿ ಗುರ್ ಅಂದಿತು. ಕರೆಂಟು ಬಂದಿತ್ತು. ಮೆಟ್ಟಿಲಿನಿಂದ ಜಂಬಕ್ಕ ಎದ್ದಳು.

"ಏ ಜಂಬಕ್ಕಾ, ಕುಂದ್ರು!" ಉಜ್ಜಿನಪ್ಪ ಕೂಗಿದ. "ಹೂ ಆಗಾತನ ಏಳಬಾರ್ದು. ಅಮ್ಮ ಸಿಟ್ಟಾಗ್ತಾಳ."

"ಸಿಟ್ಟಾದ್ರ ನನ್ನೊಬ್ಬಾಕಿ ಮ್ಯಾಲೆ ಆಗ್ತಾಳ್ರಿ. ಮೂರು ತಾಸು ಕರೆಂಟು. ಇವತ್ತು ಮ್ಯಾಗಳ ಓಣಿ ಪಾಳಿ, ಅರವತ್ತು ಮನಿ ಕೊಡ ಇಟ್ಕೊಂಡು ಕುಂತಾವ."

"ನಿನ್ನ ಪಗಾರದ ಮಾತೇ ನಡದೈತಲ್ಲಬೇ ಇಲ್ಲಿ" ಎಂದು ಯಾರೋ ಅಂದರು.

"ಪಗಾರ ಆದ್ರೂ ನೀರು ಬಿಡಬೇಕು, ಆಗದಿದ್ರೂ ಬಿಡಬೇಕಲ್ರಿ." ಕೀಲಿ ಎತ್ತಿಕೊಂಡು ಹೊರಟೇ ಹೋದಳು.

ಹತ್ತು ನಿಮಿಷ ಆಗಿರಬಹುದು. ಗುಡಿಯ ಮೂಲೆಯ ನಲ್ಲಿ ಮೊದಲು ಗಾಳಿ ಉಗುಳಿ, ಆಮೇಲೆ ನೀರು ಬಿಟ್ಟಿತು. ಕೆಳಗಿಟ್ಟ ಅಮ್ಮನ ಹಿತ್ತಾಳೆ ಕೊಡ ತುಂಬುವ ಸದ್ದು ಎಲ್ಲರಿಗೂ ಕೇಳಿಸಿತು. ಗುರುಸಂಗಪ್ಪನವರು ನಲ್ಲಿಯ ಕಡೆ ನೋಡಿದರು, ಅಮ್ಮನ ಕಡೆ ನೋಡಿದರು. ಕೋಲು ಊರಿ ಎದ್ದು ನಿಂತರು.

"ಹೂ ಆತು" ಅಂದರು.

ಉಜ್ಜಿನಪ್ಪ ಗಾಬರಿಯಾದ. "ಸಾವ್ಕಾರ್ರ, ಹೂ ಇನ್ನಾ ಅಲ್ಲೇ ಐತ್ರಿ."

"ಬಲಕ್ಕ ಬಿತ್ತು. ನನಗ ಕಾಣ್ತು. ನಿನಗ ಕಾಣಲಿಲ್ಲಂದ್ರ ಕೊಟ್ಟೂರಿಗೆ ಹೋಗಿ ಕಣ್ಣು ತೋರ್ಸ್ಕ್ಯ." ಹಿಂದಕ್ಕೆ ತಿರುಗಿ ದೈವದವರನ್ನು ಕೇಳಿದರು: "ನಿಮಗ್ಯಾರಿಗರ ಕಾಣ್ಲಿಲ್ಲೇನ್ರಪ್ಪಾ?"

ಒಬ್ಬೊಬ್ಬರಾಗಿ ಎದ್ದರು. ಕಾಣ್ತು ಅಂದರು. ಬೇಡ ಅಂದಿದ್ದವರೂ ಅಂದರು. ಆ ಮುದುಕಿಯಂತೂ ನನಗ ಆಗ್ಲೇ ಕಾಣ್ತು ಅಂದಳು.

"ಮೇಡಮ್ಮಾರ, ದೈವದ ಒಪ್ಪಿಗಿ ಪತ್ರ ನೀವೇ ಚಂದಗೆ ಬರೀರಿ, ಬ್ಯಾಂಕಿಗೂ ಬೇಕು, ನಿಮಗೂ ಬೇಕು. ಹೂ ಆದದ್ದು ಬರೀರಿ. ರೊಕ್ಕ ನಾಳೆ, ಇವತ್ತು ಮಂಗಳವಾರ."

ಅಲ್ಲೇ ಕೂತು ಬರೆದೆ. ದಿನಾಂಕ, ಮೊತ್ತ, ಹಾಜರಿದ್ದವರ ಹೆಸರು. ಎಲ್ಲರೂ ಸಹಿ ಹಾಕಿದರು. ಹೂವಿನ ವಿಷಯಕ್ಕೆ ಮೂರು ಸಾಲು ಜಾಗ ಬಿಟ್ಟಿದ್ದೇನೆ. ನಾನು ಎದ್ದು ಬರುವಾಗಲೂ ಬಲಭುಜದ ಮೇಲೆ ಹೂ ಇತ್ತು. ಪತ್ರ ಈಗ ಮುಂದಿದೆ. ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಮಾರ್ಚ್ 27, ಗುರುವಾರ

ನಿನ್ನೆ ಅಮ್ಮನ ಖಾತೆಯಿಂದ 1,62,000 ಬಂತು. ರಸೀದಿಯನ್ನು ಊರಮ್ಮದೇವಿಯ ಹೆಸರಿಗೇ ಹರಿದೆ. ಇವತ್ತು ಹತ್ತು ಗಂಟೆಗೆ ಜಂಬಕ್ಕನ ಖಾತೆಗೆ ಹದಿನೈದು ತಿಂಗಳದ್ದು 1,35,000 ಜಮಾ ಆಯಿತು. ಮೊಬೈಲಿನ ಮೆಸೇಜನ್ನು ಮಂಜಣ್ಣನ ಹತ್ತಿರ ಮೂರು ಸಲ ಓದಿಸಿದಳಂತೆ.

ಕಡತ ಹಿಡಿದು ತಾಲೂಕು ಪಂಚಾಯ್ತಿ ಕಚೇರಿಗೆ ನಾನೇ ಹೋದೆ. ಮ್ಯಾನೇಜರ್ ಕಾಂತೇಶ್ ಹಳೆಯ ಪರಿಚಯ, ಹರಪನಹಳ್ಳಿಯಲ್ಲಿ ನನ್ನ ಜೊತೆ ಇದ್ದವನು. ಇಷ್ಟು ಸಣ್ಣ ಊರಿನಲ್ಲಿ ಒಂದೇ ಕಂತಿಗೆ ಇಷ್ಟು ತೆರಿಗೆ ಹೇಗೆ ಬಂತು ಎಂದು ಅವನಿಗೆ ಅನುಮಾನ. ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದ.

"ಏನ್ ಮೇಡಂ ಇದು? 'ಶ್ರೀ ಅಮ್ಮನವರು ಬಲಗಡೆ ಹೂ ಕೊಟ್ಟು ಅಪ್ಪಣೆ ಮಾಡಿರುತ್ತಾರೆ.' ಹರಪನಹಳ್ಳಿಯಾಗ ಒಂದು ತಾರೀಖು ತಪ್ಪಿದ್ರ ಕಡತ ಮುಖಕ್ಕ ಒಗೀತಿದ್ರಿ ನೀವು. ಇದು ನಿಮ್ಮ ಕೈಬರಹ. ಖರೇನ ಬಿತ್ತೇನ್ರಿ ಹೂ?"

"ಬಲಕ್ಕ ಬಿತ್ತು" ಅಂದೆ. "ನಾನೇ ಎದುರಿಗೆ ಕೂತು ನೋಡೀನಿ. ನಮ್ಮೂರಾಗ ಸುಳ್ಳು ಹೂ ಬೀಳಾಂಗಿಲ್ಲ ಕಾಂತೇಶ್, ನೀ ಸೀಲು ಹಾಕು."

ಹಾಕಿದ.